ಮಂಗಳಮ್ಮನ ಕರಡಿಗೆ

ಹಾಲಿನವನು ಆ ದಿನವೂ ಮೂರು ಪ್ಯಾಕೆಟ್ ಇಟ್ಟು ಹೋಗಿದ್ದ. ನೆಂಟರಲ್ಲಿ ಕೊನೆಯವರು ಹಿಂದಿನ ಸಂಜೆ ಹೊರಟಿದ್ದರು. ಹನ್ನೊಂದನೆಯ ದಿನದ ಬಾಡಿಗೆ ಪಾತ್ರೆ, ಜಮಖಾನ, ಶಾಮಿಯಾನ ಎಲ್ಲ ಹೋಗಿ ಕೃಷ್ಣಮೂರ್ತಿಪುರಂನ ಆ ಮಹಡಿ ಮನೆಯಲ್ಲಿ ಸುಷ್ಮಾ ಮತ್ತು ಅವಳ ಅತ್ತೆ ದಾಕ್ಷಾಯಣಮ್ಮ ಇಬ್ಬರೇ ಉಳಿದಿದ್ದರು. ನಾಳೆಯಿಂದ ಒಂದು ಸಾಕು ಎಂದು ಹೇಳಲು ಮರೆತದ್ದು ತಾನೇ. ಮೂರನ್ನೂ ಒಂದೇ ಪಾತ್ರೆಗೆ ಸುರಿದು ಒಲೆಯ ಮೇಲಿಟ್ಟು ನೋಡುತ್ತ ನಿಂತಳು. ಹಾಲು ಅಂಚಿಗೆ ಬಂತು. ಆರಿಸಬೇಕು ಎಂದು ಗೊತ್ತಿತ್ತು, ಕೈ ಹತ್ತಿರದಲ್ಲೇ ಇತ್ತು, ಆರಿಸಲಿಲ್ಲ. ನೊರೆ ಪಾತ್ರೆಯ ಹೊರಮೈಯಲ್ಲಿ ಇಳಿದು ಬರ್ನರ್ ಸೇರಿ ಚುಂಯ್ ಎಂದಾಗ ಅವಳಿಗೆ ನಗು ಬಂತು. ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಇಂಥ ನಗು ಎರಡು ದಿನದಿಂದ ಬರುತ್ತಿತ್ತು, ಬಿಕ್ಕಳಿಕೆ ಬರುವ ಹಾಗೆ, ಕಾರಣ ಕೇಳದೆ. ತಲೆ ಹಗುರವಾಗಿತ್ತು. ನೆಲ ಎಂದಿನಿಂದ ಒಂದು ಅಂಗುಲ ಕೆಳಗಿದ್ದಂತಿತ್ತು. ಒಲೆ ಒರೆಸಿ, ಸಕ್ಕರೆ ಹಾಕಿಕೊಂಡು ಎರಡು ಲೋಟ ಹಾಲು ಕುಡಿದಳು. ರುಚಿಯಾಗಿತ್ತು. ರುಚಿಯಾದದ್ದಕ್ಕೆ ನಾಚಿಕೆಯಾಗಿ, ಆ ನಾಚಿಕೆ ತೊಡೆಯಲೆಂಬಂತೆ ಇನ್ನರ್ಧ ಲೋಟ ಕುಡಿದಳು.

ದಾಕ್ಷಾಯಣಮ್ಮ ಪೂಜೆ ಮುಗಿಸಿ, ಹಣೆಯ ಮೂರು ಗೆರೆ ವಿಭೂತಿ ಇನ್ನೂ ಹಸಿಯಾಗಿರುವಾಗಲೇ ಅಡುಗೆಮನೆ ಬಾಗಿಲಿಗೆ ಬಂದು ನಿಂತರು. “ಆ ಲಿಂಗದ ಕರಡಿಗೆ ಎಲ್ಲಿಟ್ಟಿದ್ದೀಯಮ್ಮ?” ಎಂದರು. “ನನ್ನ ಬೀರುವಲ್ಲಿದೆ ಅತ್ತೆ.” “ಬೀರುವಲ್ಲಿ ಯಾಕೆ? ದೇವರ ಗೂಡಲ್ಲಿಡು. ಹುಟ್ಟಿದ ಹನ್ನೊಂದನೇ ದಿನ ನಾನೇ ಮಾಡ್ಸಿ ಕಟ್ಟಿದ್ದು ಕಣಮ್ಮ ಅದು. ಅವ್ನು ಬಿಟ್ಟಿರ್ಲಿಲ್ಲ ನೋಡು. ಇಡೀ ಬಳಗ ಬಿಟ್ಟಿದ್ದಾನೆ ಅಂತಿತ್ತು.” ಅವರ ಮುಖದಲ್ಲಿ ಒಂದು ತೃಪ್ತಿ ಇತ್ತು. ಮಗ ಸತ್ತ ಮನೆಯಲ್ಲಿ ಆ ತೃಪ್ತಿಯೊಂದೇ ತಿನ್ನಲು ಸಿಕ್ಕ ಪದಾರ್ಥವೆಂಬಂತೆ ಅವರು ಅದನ್ನು ಚೂರುಚೂರಾಗಿ ಕಚ್ಚಿ ತಿನ್ನುತ್ತಿದ್ದರು. ಸುಷ್ಮಾ ಆಗಲಿ ಅತ್ತೆ ಎಂದಳು.

ಅವತ್ತು ನಡುಮನೆಯಲ್ಲಿ, ಸತ್ತ ಗಂಡ ವಿಶ್ವನಾಥನನ್ನು ಗೋಡೆಗೆ ಒರಗಿಸಿ ಕೂರಿಸಿ ಪೇಟ ಸುತ್ತಿದ್ದಾಗ, ಅಯ್ನೋರು ಸದಾಶಿವಯ್ಯ ಕತ್ತಿನ ಸುತ್ತ ಬೆರಳಾಡಿಸಿ ತಲೆ ಎತ್ತಿ, “ಲಿಂಗ ಎಲ್ಲಿ?” ಎಂದಿದ್ದರು. ಲಿಂಗ ಇಲ್ಲದೆ ಮಣ್ಣು ಮಾಡುವಂತಿಲ್ಲ, ಎಡಗೈಯಲ್ಲಿ ಅದು ಇರಬೇಕು. ಯಾರೋ ಯೂನಿವರ್ಸಿಟಿಗೆ ಹೋದರೆ ಹೀಗೇ ಎಂದರು, ಇನ್ಯಾರೋ ಗೊತ್ತಿದ್ದದ್ದೇ ಎಂದರು. ದಾಕ್ಷಾಯಣಮ್ಮ ಅಳುವುದನ್ನು ನಿಲ್ಲಿಸಿ ತಲೆ ತಗ್ಗಿಸಿದರು. ಅಷ್ಟು ಹೊತ್ತು ಅತ್ತದ್ದಕ್ಕಿಂತ ಆ ತಗ್ಗಿದ ತಲೆ ನೋಡಲಾಗದೆ ಸುಷ್ಮಾ ಎದ್ದು ಕೋಣೆಗೆ ಹೋಗಿ, ಏನು ಹುಡುಕುತ್ತಿದ್ದೇನೆಂದು ತಿಳಿಯದೆ ಅವನ ಹೆಗಲುಚೀಲವನ್ನು ಹಾಸಿಗೆಯ ಮೇಲೆ ಬೋರಲು ಹಾಕಿದ್ದಳು. ಪೆನ್ನು, ಬ್ಯಾಟರಿ, ಬಸ್ ಟಿಕೆಟ್ಟು, ಕರ್ಚೀಫಿನಲ್ಲಿ ಸುತ್ತಿದ ಬೆಳ್ಳಿಯ ಕರಡಿಗೆ. ಒಳಗೆ ಕಪ್ಪಗೆ, ಮಂಕಾಗಿ ಲಿಂಗ ಕೂತಿತ್ತು. ತಂದು ಕೊಟ್ಟಳು. ದಾಕ್ಷಾಯಣಮ್ಮ ತಲೆ ಎತ್ತಿದರು. ಸದಾಶಿವಯ್ಯ ಲಿಂಗ ಎತ್ತಿಕೊಂಡು ಖಾಲಿ ಕರಡಿಗೆಯನ್ನು ಅವಳ ಕೈಗೆ ವಾಪಸು ಕೊಟ್ಟು, “ಇಟ್ಕೊಳಮ್ಮ” ಎಂದರು. ನಾಲ್ಕು ವರ್ಷದ ಸಂಸಾರದಲ್ಲಿ ಅವಳು ಅಷ್ಟು ಜನರ ಮೆಚ್ಚುಗೆ ಗಳಿಸಿದ್ದು ಅದೇ ಮೊದಲು.

ಇನ್ನು ಕೆಲಸವೇನು? ಹತ್ತು ಗಂಟೆ. ಅನ್ನಕ್ಕಿಡಲು ಇನ್ನೂ ಹೊತ್ತಿತ್ತು. ಅವಳು ಮೇಜಿನ ಮುಂದೆ ಕೂತು ಹೆಡ್‌ಫೋನ್ ಹಾಕಿಕೊಂಡಳು. ಮದುವೆಯಾದಂದಿನಿಂದ ಈ ಹೊತ್ತಿನಲ್ಲಿ ಅವಳು ಮಾಡುತ್ತಿದ್ದುದು ಅದನ್ನೇ. ವಿಶ್ವನಾಥ ಸಣ್ಣ ಊರುಗಳ ಮುದುಕ ಮುದುಕಿಯರನ್ನು ಹುಡುಕಿ ಅವರ ಬಾಲ್ಯವನ್ನು ಟೇಪು ಮಾಡಿ ತರುವುದು, ಅವಳು ಕೇಳಿ ಬರೆಯುವುದು. ಪುಸ್ತಕವಾದಾಗ ಮೊದಲ ಪುಟದಲ್ಲಿ ನಿನ್ನ ಹೆಸರೂ ಇರುತ್ತದೆ ಎಂದಿದ್ದ; ಎಷ್ಟು ದೊಡ್ಡ ಅಕ್ಷರದಲ್ಲಿ ಎಂದು ಅವಳು ಕೇಳಿದ್ದಳು. ಇಪ್ಪತ್ತಮೂರು ಕ್ಯಾಸೆಟ್ಟಿನಲ್ಲಿ ಏಳು ತೊರೆಪೇಟೆಯ ಮಂಗಳಮ್ಮನವು. ಎಂಬತ್ತೊಂದು ವರ್ಷದ ಆ ಅಜ್ಜಿ ಈಗ ಗೋಕುಲಂನಲ್ಲಿ ಮೊಮ್ಮಗನ ಮನೆಯಲ್ಲಿದ್ದಾಳೆ. ಸುಷ್ಮಾ ಅವಳ ಮುಖ ನೋಡಿರಲಿಲ್ಲ. ಆದರೆ ಅವಳ ಕೆಮ್ಮು ಗೊತ್ತಿತ್ತು, ಎಲೆಅಡಿಕೆಯನ್ನು ಯಾವ ದವಡೆಯಿಂದ ಯಾವ ದವಡೆಗೆ ತಳ್ಳಿದಳೆಂದು ಗೊತ್ತಿತ್ತು. ಏಳನೆಯದನ್ನು ಇನ್ನೂ ಕೇಳಿರಲಿಲ್ಲ. ಮೇಲೆ ಅವನ ಓರೆ ಅಕ್ಷರದಲ್ಲಿ ತಾರೀಕು: ೧೨-೯-೨೦೦೩. ಆ ಶುಕ್ರವಾರ ಸಂಜೆಯೇ ಅವನಿಗೆ ಜ್ವರ ಬಂದದ್ದು. ಮರುದಿನ ಬೆಳಿಗ್ಗೆ ಕಣ್ಣು ಹಳದಿಯಾಗಿತ್ತು.

ಮಂಗಳಮ್ಮನಿಗೆ ತೊರೆಪೇಟೆಯೆಂದರೆ ನಾಲ್ಕು ಬೀದಿ, ಒಂದು ಸಂತೆಮಾಳ, ಒಂದು ಮಠ, ವಾರಕ್ಕೆರಡು ಸಲ ಬರುವ ಇದ್ದಿಲ ಬಸ್ಸು. ಬಸ್ಸು ಏರು ಹತ್ತುವಾಗ ಗಂಡಸರೆಲ್ಲ ಇಳಿದು ನೂಕುತ್ತಿದ್ದರಂತೆ, ಹೆಂಗಸರು ಒಳಗೇ ಕೂತು ಜೋರಾಗಿ ನೂಕಿ ಎನ್ನುತ್ತಿದ್ದರಂತೆ. ಈ ಕ್ಯಾಸೆಟ್ಟಿನಲ್ಲಿ ಅವಳು ಪ್ಲೇಗಿಗೆ ಬಂದಿದ್ದಳು. “ಪ್ಲೇಗ್ ಬಂತು ಅಂದ್ರೆ ನಮ್ಗೆ ಹಬ್ಬ ಕಣಪ್ಪ. ಅಟ್ಟದಿಂದ ಒಂದು ಇಲಿ ಬಿತ್ತು ಅಂದ್ರೆ ಸಾಕು, ನಮ್ಮಪ್ಪ ತಪ್ಪಲೆ ಚಾಪೆ ಎಲ್ಲ ಗಾಡಿಗೆ ಏರ್ಸೋರು. ಊರಿಗೂರೇ ಬೀಗ ಹಾಕ್ಕೊಂಡು ಹೊಲಕ್ಕೆ ಹೋಗೋದು, ಸೋಗೆ ಗುಡ್ಲಲ್ಲಿ ಇರೋದು. ಇಸ್ಕೂಲಿಲ್ಲ. ಶೆಟ್ರ ಮಕ್ಳು, ಕಂಬಳಿ ನೇಯೋರ ಮಕ್ಳು, ನಾವು, ಎಲ್ಲ ಒಂದೇ ಸಾಲು. ಊರಲ್ಲಿದ್ದಾಗ ಆ ಬೀದಿಗೆ ಕಾಲಿಟ್ರೆ ಕಾಲು ಮುರೀತಿದ್ರು, ಅಲ್ಲಿ ಎಲ್ರೂ ಒಂದೇ ತೊರೇಲಿ ಬೀಳ್ತಿದ್ವಿ. ನಾಕು ಮನೇಲಿ ಸಾವಾಗಿತ್ತು. ನಮ್ಮ ಚಿಕ್ಕವ್ವಾನೂ ಹೋಗಿದ್ಲು. ಆದ್ರೂ ನಗು ಬರೋದು. ದಿನವೆಲ್ಲ ನಗ್ತಿದ್ವಿ. ಯಾಕೆ ಅಂತ ಕೇಳ್ಬೇಡ.”

“ಕೇಳಲ್ಲ ಅಜ್ಜಿ, ಹೇಳಿ,” ಎಂದ ವಿಶ್ವನಾಥ.

ಕಿವಿಯ ಒಳಗೇ ಎಂದ. ಅವಳು ಟೇಪು ನಿಲ್ಲಿಸಿ, ಹಿಂದೆ ತಿರುಗಿಸಿ ಮತ್ತೆ ಕೇಳಿದಳು. ಕೇಳಲ್ಲ ಅಜ್ಜಿ. ಎಂದಿನ ಹಾಗೆ ಲಕಾರದ ಮೇಲೆ ಒತ್ತು ಹಾಕಿ, ನಗುವನ್ನು ಮೂಗಿನಲ್ಲಿ ತಡೆದು. ಹಿಂದೆ ಎಲ್ಲೋ ಒಂದು ಸ್ಕೂಟರ್ ಸ್ಟಾರ್ಟ್ ಆಗದೆ ಒದೆಸಿಕೊಳ್ಳುತ್ತಿತ್ತು. ಮೂರನೆಯ ಸಲ ಕೇಳಿದಾಗ ಅವಳು ಸ್ಕೂಟರನ್ನು ಮಾತ್ರ ಕೇಳಿದಳು. ಅಳು ಬರಬಹುದೆಂದು ಕಾದಳು. ಪೆನ್ನಿನ ಮುಚ್ಚಳ ತೆಗೆದು, ವಿ: ಕೇಳಲ್ಲ ಅಜ್ಜಿ, ಹೇಳಿ, ಎಂದು ಬರೆದಳು, ಅವನ ಮಾತನ್ನು ಬರೆಯುವ ಅಗತ್ಯವಿಲ್ಲ, ಅವರದ್ದು ಮಾತ್ರ ಸಾಕು ಎಂದು ಅವನೇ ಹೇಳಿದ್ದ, ಆದರೂ ಬರೆದಳು.

ಮುಂದೆ ಮಂಗಳಮ್ಮ ಅಣ್ಣನ ಕತೆಗೆ ಬಂದಳು. ರುದ್ರಸ್ವಾಮಿ, ಹನ್ನೆರಡು ವರ್ಷ. ಆ ಪ್ಲೇಗಿನ ವರ್ಷ ಮಠದ ಸ್ವಾಮಿಗಳು ಹೊಲದ ಗುಡಿಸಲಿಗೇ ಬಂದು ಹುಡುಗನನ್ನು ಮಠಕ್ಕೆ ಮರಿಸ್ವಾಮಿಯಾಗಿ ಕೊಡಿ ಎಂದು ಕೇಳಿದರು, ಅಪ್ಪ ಒಪ್ಪಿದ. ಕರೆದೊಯ್ಯುವ ದಿನ ಬೆಳಿಗ್ಗೆ ಅಣ್ಣ ಇರಲಿಲ್ಲ. ದಾರಿಯಲ್ಲಿ ಹಾದುಹೋಗುತ್ತಿದ್ದ ನಾಟಕದ ಕಂಪನಿಯ ಗಾಡಿ ಹತ್ತಿದ ಎಂದು ಒಬ್ಬರು, ಕೊಡಗಿಗೆ ಹೋದ ಎಂದು ಒಬ್ಬರು. “ಲಿಂಗಾನ ಗೂಡಲ್ಲಿ ಇಟ್ಟು ಹೋಗಿದ್ದ. ಇವತ್ತಲ್ಲ ನಾಳೆ ಬಂದು ಕೇಳ್ತಾನೆ ಅಂತ ನಮ್ಮವ್ವ ಇಟ್ಕೊಂಡ್ಲು, ಅವಳಾದ್ಮೇಲೆ ನಾನು. ಎಪ್ಪತ್ತೆರಡು ವರ್ಷ. ನೋಡ್ತೀಯಾ?” ಪೆಟ್ಟಿಗೆ ತೆರೆದ ಸದ್ದು. ಬೆಳ್ಳಿಯ ಮುಚ್ಚಳ ಟಕ್ ಎಂದ ಸದ್ದು. ಆ ಟಕ್ ಸುಷ್ಮಾಗೆ ಗೊತ್ತಿತ್ತು. ಗೊತ್ತಾದದ್ದು ಮೊದಲು ಬೆನ್ನಿಗೆ, ಆಮೇಲೆ ತಲೆಗೆ.

“ಅಜ್ಜಿ, ಇದನ್ನ ಒಂದು ವಾರ ತಗೊಂಡೋಗಲಾ? ಫೋಟೋ ತೆಗೆದು ತಂದ್ಕೊಡ್ತೀನಿ. ನಾನೇ ತಂದ್ಕೊಡ್ತೀನಿ, ಬೇರೆಯವರ ಕೈಲಿ ಕಳ್ಸಲ್ಲ.”

“ತಗೊಂಡೋಗಪ್ಪ. ಜ್ವಾಪಾನ ಕಣೋ. ಅವ್ನು ಬಂದ್ರೆ ಕೊಡ್ಬೇಕು.”

ಕ್ಯಾಸೆಟ್ ಮುಗಿದು ಬಟನ್ ತಾನಾಗಿ ಮೇಲೆ ಹಾರಿತು. ಸುಷ್ಮಾ ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತಳು. ತೊರೆಪೇಟೆಯ ರುದ್ರಸ್ವಾಮಿಯ ಲಿಂಗ ಹಿಡಿದುಕೊಂಡು ವಿಶ್ವನಾಥ ಮಣ್ಣಿನೊಳಗೆ ಪದ್ಮಾಸನದಲ್ಲಿ ಕೂತಿದ್ದಾನೆ. ದೇವರಿಲ್ಲ ಎಂದು ಗಂಗೋತ್ರಿಯ ಯೂನಿವರ್ಸಿಟಿ ಕ್ಯಾಂಟೀನಿನಲ್ಲಿ ಮೇಜು ಕುಟ್ಟುತ್ತಿದ್ದವನು ತನ್ನದೂ ಅಲ್ಲ, ಬೇರೆಯವನ ದೇವರನ್ನು ಹಿಡಿದು ಕೂತಿದ್ದಾನೆ. ಅದನ್ನು ಹುಡುಕಿ ತಂದುಕೊಟ್ಟವಳು ತಾನು. ನೂರು ಜನ ನೋಡಿದರು. ಅತ್ತೆ ಅದನ್ನು ಗುರುತು ಹಿಡಿದು, ನಾನೇ ಮಾಡಿಸಿದ್ದು ಎಂದು ಎದೆಗೊತ್ತಿಕೊಂಡು ಅತ್ತರು. ನಗು ಹೊಟ್ಟೆಯಿಂದ ಎದ್ದು ಬಂತು. ಈ ಸಲ ಸೆರಗಿನಲ್ಲಿ ನಿಲ್ಲಲಿಲ್ಲ. ಕಿವಿಯಲ್ಲಿ ಹೆಡ್‌ಫೋನ್ ಇದ್ದುದರಿಂದ ತಾನು ಎಷ್ಟು ಜೋರಾಗಿ ನಗುತ್ತಿದ್ದೇನೆಂದು ಅವಳಿಗೆ ಗೊತ್ತಾಗಲಿಲ್ಲ. ತಿರುಗಿದರೆ ದಾಕ್ಷಾಯಣಮ್ಮ ಸೊಪ್ಪು ಬಿಡಿಸುತ್ತಿದ್ದ ಮೊರ ಹಿಡಿದೇ ಬಾಗಿಲಲ್ಲಿ ನಿಂತಿದ್ದರು.

“ಯಾಕಮ್ಮ?”

“ಟೇಪಲ್ಲಿ ಅಜ್ಜಿ ತಮಾಷೆ ಹೇಳ್ತಿದ್ದಾರೆ ಅತ್ತೆ.”

ಅವರು ಮೊರವನ್ನು ಸೊಂಟಕ್ಕೆ ಆನಿಸಿಕೊಂಡರು. “ನಗು. ಅವ್ನೂ ಆ ಅಜ್ಜಿ ಮಾತು ಕೇಳ್ಕೊಂಡು ಒಬ್ಬೊಬ್ನೇ ನಗ್ತಿದ್ದ,” ಎಂದು ಒಳಗೆ ಹೋದರು.

ಫೋಟೋ ತೆಗೆದಿದ್ದನೇ? ಅಷ್ಟಾದರೂ ಆಗಿದ್ದರೆ ಅಜ್ಜಿಗೆ ತೋರಿಸಲು ಏನೋ ಒಂದು ಇದ್ದೀತು. ಅವಳು ಬೀರುವಿನ ಮೇಲಿಂದ ಕ್ಯಾಮೆರಾದ ಚೀಲ ಇಳಿಸಿದಳು. ಕ್ಯಾಮೆರಾದೊಳಗೆ ರೀಲೇ ಇರಲಿಲ್ಲ. ಚೀಲದ ಪಕ್ಕದ ಜೇಬಿನಲ್ಲಿ ರೀಲು ಹಾಕಿಡುವ ಕಪ್ಪು ಪ್ಲಾಸ್ಟಿಕ್ ಡಬ್ಬಿಗಳು ನಾಲ್ಕು. ಮೂರು ಹಗುರ, ಒಂದು ಭಾರ. ಮುಚ್ಚಳ ತೆಗೆದು ಅಂಗೈ ಮೇಲೆ ಬಗ್ಗಿಸಿದರೆ ಬಿಳಿ ಬಟ್ಟೆಯ ಒಂದು ಪುಟ್ಟ ಗಂಟು ಬಿತ್ತು. ಬಿಚ್ಚುವ ಮೊದಲೇ ಗೊತ್ತಾಯಿತು. ಅವನದೇ ಲಿಂಗ. ಹಳೆಯ ಶಿವದಾರದ ಎರಡು ಇಂಚು ತುಂಡೂ ಅದರ ಜೊತೆಗಿತ್ತು. ಅದರ ಬೆಳ್ಳಿ ಏನಾಯಿತೋ. ನಾನು ಹೈಸ್ಕೂಲಲ್ಲೇ ಕಿತ್ತು ಬಿಸಾಕಿದೆ ಎಂದಿದ್ದ, ಆ ಕ್ಯಾಂಟೀನಿನಲ್ಲಿ, ಎಂ.ಎ. ಎರಡನೆಯ ವರ್ಷ. ಅವಳು ಆ ವಾರವೇ ತನ್ನದನ್ನು ತೆಗೆದು ಹಾಸ್ಟೆಲಿನ ಟ್ರಂಕಿಗೆ ಹಾಕಿ, ರಜೆಗೆ ಹೋದಾಗ ಅಮ್ಮನಿಂದ ಎರಡು ದಿನ ಮಾತು ಬಿಡಿಸಿಕೊಂಡಿದ್ದಳು. ಮೈಮೇಲೆ ಏನೋ ಇಲ್ಲದ ಹಾಗೆ ಒಂದು ತಿಂಗಳು ಎದೆ ಮುಟ್ಟಿ ಮುಟ್ಟಿ ನೋಡಿಕೊಂಡದ್ದನ್ನು ಅವನಿಗೆ ಹೇಳಿದರೆ ನಗುತ್ತಾನೆಂದು ಹೇಳಿರಲಿಲ್ಲ. ಇವನೋ, ಊರೂರು ತಿರುಗುವಾಗೆಲ್ಲ ಕ್ಯಾಮೆರಾ ಪಕ್ಕದಲ್ಲಿ ಇದನ್ನು ಹೊತ್ತುಕೊಂಡೇ ತಿರುಗಿದ್ದಾನೆ. ಮೋಸಗಾರ ಎಂದಳು, ಗಟ್ಟಿಯಾಗಿಯೇ. ಅವನು ಬದುಕಿದ್ದರೆ ಇವತ್ತು ಅವನನ್ನು ಎಷ್ಟು ಆಡಿಕೊಳ್ಳಬಹುದಿತ್ತು ಎಂದು ಅವಳಿಗೆ ನಿಜವಾದ ಖುಷಿಯಾಯಿತು. ವಾರಗಟ್ಟಲೆ, ಊಟಕ್ಕೆ ಕೂತಾಗಲೆಲ್ಲ. ಖುಷಿ ಮುಗಿಯುವ ಮೊದಲೇ ಅದಕ್ಕೆ ಹೋಗಲು ಜಾಗವಿಲ್ಲವೆಂದು ಗೊತ್ತಾಗಿ ಮಂಚದ ಮೇಲೆ ಕೂತಳು.

ಬೀರುವಿನಿಂದ ಖಾಲಿ ಕರಡಿಗೆ ತೆಗೆದು ಅವನ ಲಿಂಗವನ್ನು ಒಳಗಿಟ್ಟು ನೋಡಿದಳು. ಸರಿಯಾಗಿ ಕೂತಿತು. ಎಲ್ಲ ಒಂದೇ ಬಣ್ಣ, ಒಂದೇ ಆಕಾರ, ಮೇಲಿನ ಕಪ್ಪು ಲೇಪ ಒಂದೇ. ಅಜ್ಜಿಗೆ ಎರಡು ಕಣ್ಣಲ್ಲೂ ಪೊರೆ ಎಂದು ಎರಡನೆಯ ಕ್ಯಾಸೆಟ್ಟಿನಲ್ಲಿ ಬಂದಿತ್ತು. ಇದನ್ನೇ ಕೊಟ್ಟುಬಿಟ್ಟರೆ? ಅಲ್ಲಿ ಒಂದು ಇದೆ, ಇಲ್ಲಿ ಒಂದು ಇರುತ್ತದೆ. ಬಿಟ್ಟುಹೋದ ಅಣ್ಣನಿಗೆ ಈಗ ಎಂಬತ್ತನಾಲ್ಕು, ಬರುವುದಿಲ್ಲ. ಅಜ್ಜಿ ಸಾಯುವವರೆಗೆ ಮುಚ್ಚಳದ ಮೇಲೆ ಕೈ ಸವರಿಕೊಂಡು ಕಾಯುತ್ತಾಳೆ, ಅಷ್ಟೆ. ನಿಜ ಹೇಳಿದರೆ? ನಿಮ್ಮಣ್ಣನ ಲಿಂಗವನ್ನು ಯಾರೋ ಒಬ್ಬನ ಜೊತೆ ಹೂತೆವು ಎನ್ನುವುದು ಹೇಗೆ? ಆ ಮಾತು ಅಲ್ಲಿಂದ ಬಂಧುಬಳಗ ಹಾದು ಅತ್ತೆಯ ಕಿವಿಗೆ ಬಿದ್ದರೆ, ಅವರು ಮತ್ತೆ ಆ ತಲೆಯನ್ನು ತಗ್ಗಿಸಿದರೆ? ಇಲ್ಲ. ಅತ್ತೆಯ ದೇವರ ಗೂಡಿಗೆ ಇಂಥದೇ ಬೆಳ್ಳಿ ಇನ್ನೊಂದು ಮಾಡಿಸಿಟ್ಟರಾಯಿತು. ಟಕ್ ಎಂದು ಮುಚ್ಚಿದಳು. ಎಂದೂ ಸುಳ್ಳು ಹೇಳಿ ದಕ್ಕಿಸಿಕೊಳ್ಳಲು ಬಾರದವಳಿಗೆ ಇಷ್ಟು ಸಲೀಸಾದ ಸುಳ್ಳು ಸಿಕ್ಕಿದ್ದು ಸಡಗರವೇ ಆಯಿತು.

“ಗೋಕುಲಂಗೆ ಹೋಗ್ಬರ್ತೀನಿ ಅತ್ತೆ. ಇವ್ರು ಒಂದು ವಸ್ತು ಇಸ್ಕೊಂಡಿದ್ರು, ಕೊಟ್ಟು ಬರ್ಬೇಕು.”

“ಇವತ್ತೇ ಹೋಗ್ಬೇಕಾ? ನೋಡಿದೋರು ಏನಂತಾರೆ?” ಎಂದ ದಾಕ್ಷಾಯಣಮ್ಮ ಸ್ವಲ್ಪ ತಡೆದು, “ಹೋಗು. ಇಸ್ಕೊಂಡಿದ್ದು ಮನೇಲಿರಬಾರ್ದು. ಛತ್ರಿ ತಗೊಂಡು ಹೋಗು, ಬಿಸ್ಲು,” ಎಂದರು. ಅವಳ ಹಣೆಯನ್ನು ನೋಡಿ ಏನೋ ಹೇಳಲು ಹೊರಟು ಹೇಳಲಿಲ್ಲ. ಬಸ್ಸಿನ ಕಿಟಕಿಯ ಗಾಜಿನಲ್ಲಿ ನೋಡಿಕೊಂಡಾಗಲೇ ಗೊತ್ತಾದದ್ದು, ದಿನದ ಅಭ್ಯಾಸದಲ್ಲಿ ಕನ್ನಡಿಯ ಅಂಚಿನಿಂದ ಬೊಟ್ಟಿನ ಸ್ಟಿಕ್ಕರ್ ತೆಗೆದು ಹಚ್ಚಿಕೊಂಡಿದ್ದಾಳೆ. ಕಿತ್ತು ಹಾಕಲು ಬೆರಳು ಹೋಯಿತು, ಪಕ್ಕದ ಹೆಂಗಸು ನೋಡುತ್ತಿದ್ದಳು, ಸುಮ್ಮನಾದಳು. ರಸ್ತೆಯುದ್ದಕ್ಕೂ ಏಣಿ ಹಾಕಿಕೊಂಡು ದಸರಾದ ದೀಪದ ಸರಗಳನ್ನು ಬಿಚ್ಚುತ್ತಿದ್ದರು. ದಸರಾ ಆಗಿಹೋಗಿತ್ತು! ಒಂದು ಇಡೀ ದಸರಾ ಅವಳ ಕಿವಿಯ ಪಕ್ಕದಲ್ಲೇ ಬ್ಯಾಂಡು ಬಾರಿಸಿಕೊಂಡು ದಾಟಿಹೋಗಿದೆ. ಹಗಲು ಬಿಸಿಲಲ್ಲಿ ಬಣ್ಣದ ಬಲ್ಬುಗಳು ಬುಟ್ಟಿಗಳಲ್ಲಿ ರಾಶಿ ಬಿದ್ದಿದ್ದವು. ಬಸ್ಸು ತಿರುವಿನಲ್ಲಿ ವಾಲಿದಾಗ ಇಡೀ ಊರೇ ಅವಳ ಕಡೆಗೆ ಸುರಿದಂತಾಗಿ, ಕಂಬಿ ಹಿಡಿದು ಉಯ್ಯಾಲೆಯಲ್ಲಿ ಕೂತವಳಂತೆ ಕಾಲು ಮುಂದಕ್ಕೆ ಚಾಚಿದಳು. ಇಲಿ ಬಿದ್ದಿದೆ, ಮನೆಗೆ ಬೀಗ ಹಾಕಿದೆ, ಗಾಡಿ ಹೊಲದ ಕಡೆಗೆ ಹೊರಟಿದೆ. ನಗು ಬರುತ್ತದೆ. ಯಾಕೆ ಅಂತ ಕೇಳಬೇಡ.

ಗೋಕುಲಂನಲ್ಲಿ ಸುತ್ತಿದ ಯೋಗದ ಚಾಪೆ ಹೆಗಲಿಗೇರಿಸಿಕೊಂಡ ಫಾರಿನ್ನವರು ಎಳನೀರಿನ ಗಾಡಿಯ ಮುಂದೆ ಸಾಲು ನಿಂತಿದ್ದರು. ಅಲ್ಲೊಬ್ಬ ಕೆಂಗೂದಲ ಹುಡುಗಿ ಸುಷ್ಮಾಳನ್ನು ನೋಡಿ ತಟ್ಟನೆ ಕೈಜೋಡಿಸಿ ನಮಸ್ತೆ ಎಂದಳು, ಇವಳೂ ಛತ್ರಿಯ ಸಮೇತ ಕೈಜೋಡಿಸಿದಳು. ಆ ದಿನಗಳಲ್ಲಿ ಅವಳ ಮುಂದೆ ನಿಂತು ಅಯ್ಯೋ ಎನ್ನದೆ ಹೋದ ಮೊದಲನೆಯವಳು ಅವಳೇ. ಮನೆ ಸಿಕ್ಕಿತು. ಮೊಮ್ಮಗ ಸುಂದರೇಶ ಗೇಟಿನಲ್ಲೇ ಇದ್ದ. ಯಾರೆಂದು ಹೇಳಿದ ಕೂಡಲೇ, “ಬನ್ನಿ ಮೇಡಂ ಬನ್ನಿ. ಸಾರ್ ಬರ್ಲಿಲ್ವಾ? ಅಜ್ಜಿ ದಿನಾ ತಲೆ ತಿಂತಾವ್ರೆ, ಆ ಹುಡ್ಗ ಯಾಕೆ ಬರ್ಲಿಲ್ಲ ಅಂತ,” ಎಂದ.

“ಇವತ್ತು ಬರಲ್ಲ,” ಎಂದಳು. ನಾಳೆ ಬರುವವನಂತೆ. ಸುಳ್ಳು ಇಷ್ಟು ಸುಲಭವೇ ಎಂದು ಅವಳಿಗೆ ಮತ್ತೆ ತಲೆ ಹಗುರವಾಯಿತು.

“ಹಿಂದ್ಗಡೆ ಬಿಸ್ಲಲ್ಲಿ ಕೂತವ್ರೆ, ಹೋಗಿ. ಮಹಡಿ ಮೇಲೆ ಬಾಡ್ಗೆಗಿರೋ ಸ್ವೀಡನ್ನೋರು ಯೋಗ ಮಾಡ್ತಾವ್ರೆ, ಅದನ್ನ ನೋಡ್ಕೊಂಡು. ಕಾಣ್ಸಲ್ಲ, ಆದ್ರೂ ನೋಡ್ತಾರೆ. ನಮ್ಮೂರ ಸಂತೇಲಿ ಹಿಂಗೆ ಮೈ ಬಗ್ಸೋರಿಗೆ ನಾವು ಕಾಸು ಹಾಕ್ತಿದ್ವಿ, ನೀನು ಅವ್ರ ಹತ್ರಾನೇ ಇಸ್ಕೊಂಡು ಬಗ್ಸುಸ್ತೀಯಲ್ಲೋ ಅಂತಾರೆ.”

ಮಂಗಳಮ್ಮ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲು ಮಡಚಿ ಕೂತಿದ್ದಳು. ಅಷ್ಟು ದೊಡ್ಡ ದನಿಗೆ ಇಷ್ಟು ಸಣ್ಣ ದೇಹವೇ ಎನಿಸಿತು. ಕಣ್ಣು ಎರಡೂ ನೀಲಿಗಟ್ಟಿದ್ದವು. “ಯಾರವ್ವ?” ಎಂದಾಗ ಸುಷ್ಮಾಗೆ ಏನೋ ಕೊರತೆ ಕಂಡು, ಟೇಪಿನ ಸೊರ್ ಎನ್ನುವ ಸದ್ದು ಇಲ್ಲದಿರುವುದು ಎಂದು ಹೊಳೆಯಿತು. ಈ ದನಿಯನ್ನು ನಿಲ್ಲಿಸಲು, ಹಿಂದಕ್ಕೆ ತಿರುಗಿಸಲು ಬರುವುದಿಲ್ಲ.

“ನಾನು ಅಜ್ಜಿ, ವಿಶ್ವನಾಥ್ ಅವರ ಹೆಂಡ್ತಿ. ನಿಮ್ಮ ಟೇಪ್ ಬರೆಯೋಳು.”

“ಓ, ನನ್ನ ಕೆಮ್ಮನ್ನೂ ಬರೀತಾಳೆ ಅಂತಿದ್ನಲ್ಲ, ಆ ಹುಡ್ಗೀನಾ? ಬರೆದಿದ್ದೀಯಾ ಕೆಮ್ಮು?”

“ಬ್ರಾಕೆಟ್ಟಲ್ಲಿ ಹಾಕಿದ್ದೀನಿ.”

“ಹಾಕು, ಹಾಕು. ಮುಂದೆ ಯಾರಾದ್ರೂ ಓದ್ದೋರು ಅಲ್ಲಿ ಕೆಮ್ಮಲಿ.” ತನ್ನ ಮಾತಿಗೆ ತಾನೇ ನಕ್ಕು ಕೆಮ್ಮಿದಳು. ಸುಷ್ಮಾ ಪಕ್ಕದ ಕಲ್ಲಿನ ಮೇಲೆ ಕೂತು, ಪರ್ಸಿನೊಳಗೆ ಕೈ ಹಾಕಿ ಕರಡಿಗೆ ಹಿಡಿದುಕೊಂಡಳು. ತೆಗೆದು ಕೊಡುವುದು, ಕಾಫಿ ಕುಡಿದು ಏಳುವುದು. “ಮಿಷನ್ ತಂದಿದ್ದೀಯಾ?” ಎಂದಳು ಮಂಗಳಮ್ಮ. ಇಲ್ಲವೆಂದಾಗ ದನಿ ತಗ್ಗಿಸಿ, “ಇಲ್ದಿದ್ರೇ ವಾಸಿ. ಕೇಳಿಲ್ಲಿ. ಕಡೇ ಟೇಪಲ್ಲಿ ಒಂದು ಸುಳ್ಳು ಹೇಳ್ಬುಟ್ಟಿದ್ದೀನಿ. ನಿನ್ನ ಗಂಡ ಬಂದ್ರೆ ತಿದ್ದಿಸ್ಬೇಕು ಅಂತ ಒಂದು ತಿಂಗ್ಳಿಂದ ಕಾಯ್ತಾ ಇದ್ದೀನಿ. ನೀನು ಬಂದಿದ್ದೇ ಒಳ್ಳೇದಾಯ್ತು, ಗಂಡುಸ್ರ ಮುಂದೆ ಬಾಯಿ ಬರಲ್ಲ.”

ಸುಷ್ಮಾ ಪರ್ಸಿನೊಳಗಿನ ಕೈಯನ್ನು ಅಲ್ಲಾಡಿಸಲಿಲ್ಲ.

“ಅಣ್ಣ ಗೂಡಲ್ಲಿ ಇಟ್ಟು ಹೋಗ್ಲಿಲ್ಲ. ತೊರೇಲಿ ಈಜೋವಾಗ ಲಿಂಗಾನ ತೆಗೆದು ಲಕ್ಕಿ ಗಿಡಕ್ಕೆ ನೇತಾಕಿದ್ದ. ತೆಗೀಬಾರ್ದು. ಹುಡುಗ್ರು, ತೆಗೀತಿದ್ರು. ನಾನು ಎತ್ಕೊಂಡು ರಾಗಿ ಗುಡಾಣದಲ್ಲಿ ಬಚ್ಚಿಟ್ಟೆ. ಲಿಂಗ ಇಲ್ದಿದ್ರೆ ಸ್ವಾಮ್ಗಳು ಕರ್ಕೊಂಡು ಹೋಗಲ್ಲ, ಅಣ್ಣ ನಮ್ಮನೇಲೇ ಇರ್ತಾನೆ ಅಂತ. ಒಂಬತ್ತು ವರ್ಷ ನಂಗೆ. ಅವ್ನು ಸಾಯಂಕಾಲದ ತನಕ ತೊರೇಲಿ ಮುಳುಗಿ ಮುಳುಗಿ ಹುಡುಕಿದ. ನಾನು ದಡದಲ್ಲಿ ನಿಂತ್ಕೊಂಡು ನಗ್ತಾ ಇದ್ದೆ. ನಾಳೆ ಕೊಡಾಣ, ಸ್ವಾಮ್ಗಳು ಹೋದ್ಮೇಲೆ ಕೊಡಾಣ ಅಂತ. ಲಿಂಗ ಕಳ್ಕೊಂಡೋನು ಪ್ರಾಣ ಬುಡ್ಬೇಕು ಅಂತ ನಮ್ಮಪ್ಪ ಹೇಳ್ತಿದ್ರು, ಅದು ನಂಗೆ ಗೊತ್ತಿರ್ಲಿಲ್ಲ, ಅವನಿಗೆ ಗೊತ್ತಿತ್ತು. ಹೆದ್ರಿಕೊಂಡು ಅವ್ನು ಮನೇಗೆ ಬರ್ಲೇ ಇಲ್ಲ. ಆಮೇಲೆ ನಾನೇ ತೆಗ್ದು ಗೂಡಲ್ಲಿಟ್ಟೆ, ಅವನೇ ಇಟ್ಟು ಹೋದ ಅಂದ್ಕೊಂಡ್ರು.” ಮಂಗಳಮ್ಮ ಬೆರಳಿನಿಂದ ಬಾಯಿಯ ಅಂಚು ಒರೆಸಿಕೊಂಡಳು. “ನಮ್ಮವ್ವ ಸಾಯೋವಾಗ್ಲೂ ಹೇಳ್ಲಿಲ್ಲ. ನಿನ್ನ ಗಂಡ ಕೇಳಿದ್ನಲ್ಲ, ಒಂದು ವಾರ ಕೊಡಿ ಅಂತ, ಏನು ಹಗುರ ಆಯ್ತು ಗೊತ್ತಾ ಮೈ. ಅವತ್ತು ಎರಡು ಮುದ್ದೆ ಉಂಡೆ. ಹಂಗೇ ಬರಿ. ಅಣ್ಣ ಬಿಟ್ಟು ಹೋಗ್ಲಿಲ್ಲ, ತಂಗಿ ಕದ್ಲು, ಅಂತ ಬರಿ.”

ಮಹಡಿಯ ಮೇಲೆ ಯಾರೋ ಲೆಕ್ಕ ಹಾಕಿ ಉಸಿರು ಬಿಡುತ್ತಿದ್ದರು. ಸುಷ್ಮಾಗೆ ಮತ್ತೆ ನಗು ಬಂತು, ಈ ಸಲ ಕಣ್ಣಿನ ಕಡೆಯಿಂದ. ಇಡೀ ಬೆಳಗ್ಗೆಯಿಂದ ಎಷ್ಟು ಚೆನ್ನಾಗಿ ಕಟ್ಟಿದ್ದ ಸುಳ್ಳು. ಅದನ್ನು ಈಗ ಈ ಕೈಗೆ ಕೊಟ್ಟರೆ, ಇವಳು ಇವತ್ತು ರಾತ್ರಿಯಿಂದಲೇ ಅದರ ಮುಂದೆ ಕೂತು ಅಣ್ಣನ ಕ್ಷಮೆ ಕೇಳುತ್ತಾಳೆ. ವಿಶ್ವನಾಥನ ಲಿಂಗದ ಹತ್ತಿರ, ಸಾಯುವವರೆಗೆ. ಕರಡಿಗೆಯನ್ನು ಹೊರಗೆ ತೆಗೆದಳು. ಮುಚ್ಚಳ ಟಕ್ ಎಂದಿತು. ಮಂಗಳಮ್ಮನ ತಲೆ ಆ ಕಡೆ ತಿರುಗಿತು.

“ಅಜ್ಜಿ, ಇದರೊಳಗೆ ಇರೋದು ನಿಮ್ಮಣ್ಣಂದಲ್ಲ. ನನ್ನ ಗಂಡನದು. ನಿಮ್ಗೆ ಗೊತ್ತಾಗಲ್ಲ ಅಂತ ಇಟ್ಕೊಂಡು ಬಂದೆ.” ಅದನ್ನು ತೆಗೆದು ತನ್ನ ಎಡ ಮುಷ್ಟಿಯಲ್ಲಿ ಹಿಡಿದುಕೊಂಡಳು. “ನಿಮ್ಮಣ್ಣಂದು ಅವರ ಎಡಗೈಲಿದೆ.”

ಎಡಗೈ ಎಂದ ಮೇಲೆ ಮತ್ತೇನೂ ಹೇಳಬೇಕಿರಲಿಲ್ಲ. ಮುದುಕಿಯ ದವಡೆ ನಿಂತಿತು. “ಯಾವಾಗ?” ಎಂದಳು.

“ಹನ್ನೆರಡು ದಿನ ಆಯ್ತು. ಕಾಮಾಲೆ. ಲಿಂಗ ಎಲ್ಲಿ ಅಂತ ಅಯ್ನೋರು ಕೇಳಿದ್ರು, ಚೀಲದಲ್ಲಿ ಇದಿತ್ತು, ಅವರದೇ ಅಂದ್ಕೊಂಡು ಕೊಟ್ಟೆ. ಗೊತ್ತಾಗಿದ್ದು ಇವತ್ತು.”

ಮಂಗಳಮ್ಮ ಬೈಯಲಿಲ್ಲ. ಕೈಚಾಚಿ ಗಾಳಿಯಲ್ಲಿ ಹುಡುಕಿ ಸುಷ್ಮಾಳ ಮೊಣಕಾಲು ಸಿಕ್ಕಿದ ಮೇಲೆ ಅದರ ಮೇಲೆ ಅಂಗೈ ಇಟ್ಟಳು. “ಕೇಳಲ್ಲ ಅಜ್ಜಿ, ಹೇಳಿ ಅಂತಿದ್ದ. ಕೇಳ್ದೇ ಎಲ್ಲಾ ಈಚೆ ತೆಗೀತಿದ್ದ,” ಎಂದಳು. ಆಮೇಲೆ, ಅಡುಗೆಯ ವಿಷಯ ಕೇಳುವ ದನಿಯಲ್ಲಿ, “ಬೆರಳು ಮಡಚಿದ್ರಾ? ನಮ್ಮಪ್ಪಂಗೆ ಯಾರೂ ಮಡಚ್ಲಿಲ್ಲ. ಮಣ್ಣು ಹಾಕೋವಾಗ ಲಿಂಗ ಜಾರಿ ಬಿತ್ತು, ಅಯ್ನೋರು ಮತ್ತೆ ಗುಣಿಗೆ ಇಳಿದ್ರು.”

ಕೈಗೆ ಲಿಂಗ ಇಟ್ಟ ಮೇಲಿನದು ಏನೂ ನೆನಪಿಲ್ಲ ಎಂದು ಸುಷ್ಮಾ ಹನ್ನೆರಡು ದಿನದಿಂದ ಎಲ್ಲರಿಗೂ ಹೇಳುತ್ತ ಬಂದಿದ್ದಳು, ತನಗೂ. ಈಗ ನೆನಪಿತ್ತು. ಸದಾಶಿವಯ್ಯ ಎರಡು ಸಲ ಇಟ್ಟರು, ಎರಡು ಸಲವೂ ಅಂಗೈ ತೆರೆದೇ ಇತ್ತು. ನೀನೇ ಮಡಚಮ್ಮ, ನನ್ನ ಕೈಗೆ ನಿಲ್ತಿಲ್ಲ, ಎಂದರು. ಅವಳು ಬಗ್ಗಿ ಕಿರುಬೆರಳಿನಿಂದ ಶುರುಮಾಡಿದಳು. ಉಗುರಿನಲ್ಲಿ ಇಂಕಿನ ಕಲೆ ಇತ್ತು. ಮಡಚಿದ ಬೆರಳು ಬಿಟ್ಟ ಕೂಡಲೇ ನಿಧಾನವಾಗಿ ಬಿಚ್ಚಿಕೊಳ್ಳುತ್ತಿತ್ತು. ಮತ್ತೆ ಮಡಚಿದಳು. ಕೊನೆಗೆ ಐದನ್ನೂ ಒಟ್ಟಿಗೆ ತನ್ನ ಎರಡು ಕೈಯಲ್ಲಿ ಒತ್ತಿ ಹಿಡಿದು, ಯಾರೋ ಸಾಕು ಏಳಮ್ಮ ಎನ್ನುವವರೆಗೆ ಹಿಡಿದೇ ಇದ್ದಳು.

“ನಾನೇ ಮಡಚಿದೆ.”

“ಗಟ್ಟಿಯಾಗಿ?”

“ಗಟ್ಟಿಯಾಗಿ.”

“ಹಂಗಾದ್ರೆ ಸರಿ. ಗುಡಾಣದಿಂದ ಒಂದು ಕೈಗಾದ್ರೂ ಸೇರ್ತು.” ಮಂಗಳಮ್ಮನ ಮುಖದಲ್ಲಿ ಬಂದದ್ದು ಅಳುವೋ ನಗುವೋ ತಿಳಿಯಲಿಲ್ಲ, ಹಲ್ಲಿಲ್ಲದ ಬಾಯಿ ಎರಡಕ್ಕೂ ಒಂದೇ ಥರ ಅಗಲವಾಗುತ್ತಿತ್ತು. ನೋಡುತ್ತಿದ್ದ ಸುಷ್ಮಾ ಕೂಡ ತನ್ನದು ಯಾವುದೆಂದು ತಿಳಿಯದೆ ಸೆರಗಿನಿಂದ ಮುಖ ಒರೆಸಿಕೊಂಡಳು. “ನಿನ್ನ ಗಂಡನದನ್ನ ನಿಮ್ಮತ್ತೆ ಕೈಗೆ ಕೊಡು. ಎಲ್ಲಿತ್ತು ಅಂತ ಕೇಳಿದ್ರೆ ಅವನ ಹತ್ರಾನೇ ಇತ್ತು ಅನ್ನು, ಕೈಲಿ ಹೋಗಿದ್ದು ಯಾವ್ದು ಅಂದ್ರೆ ಒಬ್ಳು ಅಜ್ಜಿ ಕೊಟ್ಟಿದ್ದು ಅನ್ನು, ಎರಡೂ ಸುಳ್ಳಲ್ಲವಲ್ಲ. ನಂದು ಬೆಳ್ಳಿ ಕೊಡಿಲ್ಲಿ. ನಮ್ಮವ್ವಂದು ಅದು.”

ಸುಷ್ಮಾ ಖಾಲಿ ಕರಡಿಗೆಯನ್ನು ಆ ಒಣಗಿದ ಅಂಗೈ ಮೇಲಿಟ್ಟಳು. ಅಭ್ಯಾಸವಾಗಿಬಿಟ್ಟಿತ್ತೋ ಏನೋ, ಕಿರುಬೆರಳು ಹಿಡಿದು ಮಡಚಲು ಹೋದಳು. ಬೇಕಾಗಲಿಲ್ಲ. ಮುದುಕಿಯ ಬೆರಳುಗಳು ತಾವಾಗಿಯೇ, ಬಿಸಿಯಾಗಿ, ಒಂದರ ಹಿಂದೊಂದು ಮುಚ್ಚಿಕೊಂಡವು, ಅವಳ ಬೆರಳನ್ನೂ ಸೇರಿಸಿ.